ಮೊದಲ ಕೆಲಸಕ್ಕೆ ಹೋಗುವ ಮುಂಚೆ: ಅಳತೆ, ಲೆಕ್ಕ, ಬರಹ, ಕಾಗದಪತ್ರ

ಹಾಸನದ ಗ್ರೋತ್ ಸೆಂಟರ್‌ನಲ್ಲಿ ಕಾರ್ಖಾನೆ ಕೆಲಸ, ಚಿಕ್ಕಮಗಳೂರಿನ ಕಾಫಿ ಸಂಸ್ಕರಿಸುವ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಗೋಡೌನ್ ಕೆಲಸ, ಮೂಡಿಗೆರೆ ಕಡೆ ತೋಟದ ಲೆಕ್ಕ ಬರೆಯುವ ರೈಟರ್ ಕೆಲಸ, ಗಿರಿ ರಸ್ತೆಯ ರೆಸಾರ್ಟ್‌ನಲ್ಲಿ ಕಿಚನ್ ಸ್ಟೋರ್ ಕೆಲಸ. ಇವುಗಳಲ್ಲಿ ಯಾವುದಕ್ಕೆ ಸೇರಿದರೂ ಹೊಸಬರು ಮೊದಲ ತಿಂಗಳು ಎಡವುವ ಜಾಗ ಹೆಚ್ಚುಕಮ್ಮಿ ಒಂದೇ. ಇಂಗ್ಲಿಷ್ ಬರಲ್ಲ ಎಂಬ ಅಳುಕು ಎಲ್ಲರಿಗೂ ಇರುತ್ತದೆ. ಆದರೆ ಬೈಸಿಕೊಳ್ಳುವುದು ಶೇಕಡಾ ಲೆಕ್ಕ ತಪ್ಪಿದ್ದಕ್ಕೆ, ಖಾಲಿ ಕ್ರೇಟಿನ ತೂಕ ಕಳೆಯಲು ಮರೆತಿದ್ದಕ್ಕೆ, ಮಿಷನ್ ನಿಂತು ಅರ್ಧ ಗಂಟೆಯಾದರೂ ಯಾರಿಗೂ ಹೇಳದೆ ಕೂತಿದ್ದಕ್ಕೆ. ಇದೆಲ್ಲ ಮನೆಯಲ್ಲೇ ಕಲಿಯಬಹುದಾದದ್ದು. ಐಟಿಐ, ಡಿಪ್ಲೊಮಾ, ಪಿಯುಸಿ, ಡಿಗ್ರಿ ಯಾವುದನ್ನು ಓದಿದವರಿಗೂ ಅನ್ವಯಿಸುತ್ತದೆ. ಈಗಾಗಲೇ ಕೆಲಸದಲ್ಲಿದ್ದು, ಹೆಲ್ಪರ್‌ನಿಂದ ಆಪರೇಟರ್ ಆಗಬೇಕು ಅನ್ನುವವರಿಗೂ ಅಷ್ಟೇ.

ಇಪ್ಪತ್ತು ನಿಮಿಷದ ಪರೀಕ್ಷೆ

ಒಂದು ಹಾಳೆ, ಒಂದು ಪೆನ್ನು. ಮೊಬೈಲ್ ಪಕ್ಕದ ಕೋಣೆಯಲ್ಲಿರಲಿ.

1. ಪೆನ್ಸಿಲ್‌ನ ಒಂದು ತುದಿ ಸ್ಕೇಲಿನ 3 ಸೆಂ.ಮೀ. ಗೆರೆಯ ಮೇಲಿದೆ, ಇನ್ನೊಂದು ತುದಿ 11.5ರ ಮೇಲಿದೆ. ಉದ್ದ ಎಷ್ಟು?
2. ಪಾಳಿ 22:00ಕ್ಕೆ ಶುರುವಾಗಿ 06:30ಕ್ಕೆ ಮುಗಿಯಿತು. ನಡುವೆ ಅರ್ಧ ಗಂಟೆ ಊಟದ ಬಿಡುವು. ಕೆಲಸ ಮಾಡಿದ್ದು ಎಷ್ಟು ಗಂಟೆ?
3. 850 ಪೀಸ್‌ನಲ್ಲಿ 34 ರಿಜೆಕ್ಟ್ ಆದವು. ಶೇಕಡಾ ಎಷ್ಟು?
4. ಲೀಟರಿಗೆ 2.5 ಮಿ.ಲೀ. ಔಷಧಿ ಹಾಕಬೇಕು. 16 ಲೀಟರ್ ಪಂಪಿಗೆ ಎಷ್ಟು?
5. 12 ಕ್ರೇಟ್ ತರಕಾರಿ ಒಟ್ಟು 312 ಕೆ.ಜಿ. ಖಾಲಿ ಕ್ರೇಟ್ ಒಂದಕ್ಕೆ 1.85 ಕೆ.ಜಿ. ತರಕಾರಿ ಎಷ್ಟು?
6. ಅಕ್ಕನ ಮದುವೆಗೆ 12ನೇ ತಾರೀಖಿನಿಂದ 14ರವರೆಗೆ ರಜೆ ಕೇಳಿ ಐದಾರು ಸಾಲಿನ ಪತ್ರ ಬರೆಯಿರಿ.

ಉತ್ತರ ಕೊನೆಯಲ್ಲಿದೆ. ಒಂದೆರಡು ತಪ್ಪಿದರೆ ನಾಚಿಕೆ ಬೇಡ. ಪ್ರಥಮ್ ಎಂಬ ಶಿಕ್ಷಣ ಸಂಸ್ಥೆಯ 2023ರ ಅಸರ್ ಸಮೀಕ್ಷಾ ವರದಿ ದೇಶದ ಗ್ರಾಮೀಣ ಭಾಗದ 14ರಿಂದ 18 ವರ್ಷದವರನ್ನು ಪರೀಕ್ಷಿಸಿತ್ತು. ಮೂರಂಕಿಯನ್ನು ಒಂದಂಕಿಯಿಂದ ಭಾಗಿಸಲು ಬಂದದ್ದು ನೂರಕ್ಕೆ ಸುಮಾರು 43 ಜನರಿಗೆ. ಸ್ಕೇಲಿನಲ್ಲಿ ಸೊನ್ನೆಯಿಂದ ಶುರುವಾದ ವಸ್ತುವಿನ ಉದ್ದವನ್ನು ಸುಮಾರು 85 ಜನ ಸರಿಯಾಗಿ ಹೇಳಿದರು. ಅದೇ ವಸ್ತುವನ್ನು ಸೊನ್ನೆಯಿಂದ ಆಚೆ ಸರಿಸಿ ಇಟ್ಟಾಗ ಹೇಳಿದವರು 39 ಜನ ಮಾತ್ರ. ಮೇಲಿನ ಮೊದಲ ಪ್ರಶ್ನೆ ಅದೇ ಜಾತಿಯದ್ದು. ಸೊನ್ನೆ ಎಲ್ಲಿದೆ ಎಂದು ನೋಡದೆ ಅಳೆಯುವ ಅಭ್ಯಾಸ ಶಾಲೆಯಲ್ಲಿ ಒಂದು ಅಂಕ ಕಳೆಯುತ್ತದೆ, ಕಾರ್ಖಾನೆಯಲ್ಲಿ ಒಂದು ಲಾಟ್ ಮಾಲನ್ನೇ ಕಳೆಯುತ್ತದೆ.

ಅಳತೆ: ಮೊದಲು ಸೊನ್ನೆ ನೋಡಿ

ಟೇಪಿನಿಂದ ಶುರು ಮಾಡೋಣ. ಸ್ಟೀಲ್ ಟೇಪಿನ ತುದಿಯ ಕೊಕ್ಕೆ ಸ್ವಲ್ಪ ಅಲ್ಲಾಡುತ್ತದೆ. ಹಾಳಾಗಿದೆ ಎಂದು ಅದನ್ನು ಬಡಿದು ಗಟ್ಟಿ ಮಾಡಬೇಡಿ. ಕೊಕ್ಕೆಯ ದಪ್ಪ ಎಷ್ಟಿದೆಯೋ ಅಷ್ಟೇ ಅಲ್ಲಾಡುವಂತೆ ಬೇಕೆಂದೇ ಮಾಡಿರುತ್ತಾರೆ. ಹೊರಗಿನಿಂದ ಸಿಕ್ಕಿಸಿ ಎಳೆದಾಗ ಕೊಕ್ಕೆ ಮುಂದಕ್ಕೆ ಸರಿಯುತ್ತದೆ, ಒಳಗೆ ಗೋಡೆಗೆ ಒತ್ತಿದಾಗ ಹಿಂದಕ್ಕೆ ಸರಿಯುತ್ತದೆ. ಹಾಗಾಗಿ ಎರಡೂ ರೀತಿಯಲ್ಲಿ ಅಳತೆ ಸರಿ ಬರುತ್ತದೆ. ಕೊಕ್ಕೆ ಬಾಗಿದ್ದರೆ, ಇಲ್ಲವೇ ಬಟ್ಟೆ ಟೇಪಿನ ತುದಿ ಸವೆದಿದ್ದರೆ, 10 ಸೆಂ.ಮೀ. ಗೆರೆಯಿಂದ ಅಳೆದು ಬಂದ ಅಂಕಿಯಲ್ಲಿ 10 ಕಳೆಯಿರಿ.

ಇಂಚು ಮತ್ತು ಮಿ.ಮೀ. ನಡುವೆ ಓಡಾಡಲು ಬರಬೇಕು. ಒಂದು ಇಂಚು 25.4 ಮಿ.ಮೀ. 'ಒಂದೂ ಮೂರೆಂಟಾಂಶ' ಇಂಚು ಎಂದರೆ 1.375 ಇಂಚು, ಅಂದರೆ 34.9 ಮಿ.ಮೀ. ಮಾಮೂಲಾಗಿ ಆಗುವ ತಪ್ಪು ಏನೆಂದರೆ 3/8ನ್ನು 0.38 ಎಂದು ಬರೆದುಕೊಳ್ಳುವುದು, ಇನ್ನೂ ಕೆಟ್ಟದ್ದು 1.3 ಎಂದು ಬರೆಯುವುದು. ಎಂಟನೇ ಒಂದು ಭಾಗ 0.125 ಎಂಬುದೊಂದನ್ನು ಬಾಯಿಪಾಠ ಮಾಡಿದರೆ ಮಿಕ್ಕಿದ್ದೆಲ್ಲ ಗುಣಾಕಾರ.

ಫಿಟ್ಟರ್, ಟರ್ನರ್, ಮೆಷಿನಿಸ್ಟ್ ಕೆಲಸಕ್ಕೆ ಹೋಗುವವರಿಗೆ ಸಂದರ್ಶನದಲ್ಲಿ ವರ್ನಿಯರ್ (ದವಡೆಗಳ ನಡುವೆ ಹಿಡಿದು ಸೂಕ್ಷ್ಮವಾಗಿ ಅಳೆಯುವ ಉಪಕರಣ) ಕೈಗೆ ಕೊಡುತ್ತಾರೆ. ಮೊದಲು ದವಡೆ ಒರೆಸಿ, ಪೂರ್ತಿ ಮುಚ್ಚಿ, ಸೊನ್ನೆಗೆ ಸೊನ್ನೆ ಕೂಡುತ್ತದೆಯೇ ನೋಡಿ. ಸುಮ್ಮನೆ ಅಳೆಯಲು ಹೊರಡುವವರನ್ನೂ ಸೊನ್ನೆ ನೋಡುವವರನ್ನೂ ಎದುರಿಗೆ ಕೂತವರು ಅಲ್ಲಿಯೇ ಬೇರೆ ಮಾಡುತ್ತಾರೆ. ಮುಖ್ಯ ಸ್ಕೇಲಿನ 49 ಮಿ.ಮೀ.ನಲ್ಲಿ ವರ್ನಿಯರ್‌ನ 50 ಭಾಗ ಇದ್ದರೆ ಒಂದು ಭಾಗಕ್ಕೆ 0.02 ಮಿ.ಮೀ. ಈಗ ವಸ್ತುವನ್ನು ಹಿಡಿದಾಗ ವರ್ನಿಯರ್‌ನ ಸೊನ್ನೆ 24 ಮಿ.ಮೀ. ದಾಟಿದೆ, 17ನೇ ಗೆರೆ ಮೇಲಿನ ಗೆರೆಯೊಂದಕ್ಕೆ ಸರಿಯಾಗಿ ಕೂಡಿದೆ ಎಂದುಕೊಳ್ಳಿ. ರೀಡಿಂಗ್ 24 + (17 × 0.02) = 24.34. ದವಡೆ ಮುಚ್ಚಿದಾಗಲೇ 0.04 ತೋರಿಸುತ್ತಿದ್ದರೆ ಅದನ್ನು ಕಳೆಯಬೇಕು: 24.30 ಮಿ.ಮೀ. ಓರೆಯಾಗಿ ನೋಡಿದರೆ ಪಕ್ಕದ ಗೆರೆ ಕೂಡಿದಂತೆ ಕಾಣುತ್ತದೆ, ಕಣ್ಣು ನೇರ ಮೇಲಿರಲಿ. ದವಡೆಯನ್ನು ಬಲವಾಗಿ ಒತ್ತಿದರೂ ಅಳತೆ ಕಡಿಮೆ ಬರುತ್ತದೆ.

ತೂಕದ ವಿಷಯಕ್ಕೆ ಬಂದರೆ, ಎಲೆಕ್ಟ್ರಾನಿಕ್ ತಕ್ಕಡಿಯನ್ನು ಸಮತಟ್ಟು ಜಾಗದಲ್ಲಿಟ್ಟು, ನೀರುಗುಳ್ಳೆ ನಡುವಿಗೆ ಬರುವಂತೆ ಕಾಲು ತಿರುಗಿಸಿ, ಫ್ಯಾನ್ ಆರಿಸಿ, ಸೊನ್ನೆ ಮಾಡಿ. ಖಾಲಿ ಪಾತ್ರೆ ಇಟ್ಟು, ಅದರ ತೂಕ ಕಳೆಯುವ ಟೇರ್ ಗುಂಡಿ ಒತ್ತಿದ ಮೇಲೆ ಪಾತ್ರೆ ಎತ್ತಿದಾಗ ಮೈನಸ್ ಅಂಕಿ ಬರುವುದು ಸರಿಯೇ, ಗಾಬರಿಯಾಗಿ ಮತ್ತೆ ಸೊನ್ನೆ ಒತ್ತಬೇಡಿ. ಒತ್ತಿದರೆ ಮುಂದಿನ ತೂಕಗಳೆಲ್ಲ ಪಾತ್ರೆಯಷ್ಟು ಹೆಚ್ಚು ಬರುತ್ತವೆ. ಮಳೆಗಾಲದಲ್ಲಿ ಗೋಣಿಚೀಲ ನೀರು ಹೀರಿ ಭಾರವಾಗುತ್ತದೆ. ಬೇಸಿಗೆಯಲ್ಲಿ ತೂಗಿದ ಖಾಲಿ ಚೀಲದ ತೂಕವನ್ನೇ ಜುಲೈನಲ್ಲೂ ಕಳೆದರೆ ಲೆಕ್ಕ ತಪ್ಪುತ್ತದೆ. ಆ ದಿನದ ಐದು ಖಾಲಿ ಚೀಲ ತೂಗಿ, ಐದರಿಂದ ಭಾಗಿಸಿ, ಆ ಸರಾಸರಿಯನ್ನು ಕಳೆಯಿರಿ.

ಲೆಕ್ಕ: ಶೇಕಡಾ ಮತ್ತು ಪ್ರಮಾಣ ಬಂದರೆ ಮುಕ್ಕಾಲು ಕೆಲಸ ಬಂದಂತೆ

ಹಾಸನ, ಚಿಕ್ಕಮಗಳೂರು ಎಂಬ ನಮ್ಮ ಎರಡು ಜಿಲ್ಲೆಯಲ್ಲಿ ಶೇಕಡಾ ಲೆಕ್ಕಕ್ಕೆ ಕಾಫಿಗಿಂತ ಒಳ್ಳೆಯ ಪಾಠ ಬೇರೆ ಇಲ್ಲ. ರೋಬಸ್ಟಾ ಚೆರ್ರಿಯನ್ನು, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣನ್ನು, 50 ಕೆ.ಜಿ. ಚೀಲದ ಲೆಕ್ಕದಲ್ಲಿ ಕೊಳ್ಳುತ್ತಾರೆ, ಬೆಲೆ ಮಾತ್ರ ಔಟ್‌ಟರ್ನ್ ಮೇಲೆ ನಿಲ್ಲುತ್ತದೆ. ಎಲ್ಲರೂ 'ಓಟಿ' ಅನ್ನುವುದು ಇದಕ್ಕೇ. ಒಂದು ಚೀಲ ಚೆರ್ರಿಯ ಸಿಪ್ಪೆ ತೆಗೆದರೆ ಎಷ್ಟು ಕೆ.ಜಿ. ಬೇಳೆ (ಕಾಫಿ ಬೀಜ) ಸಿಗುತ್ತದೆ ಎಂಬುದು ಓಟಿ.

ಸ್ಯಾಂಪಲ್ ಆಗಿ 250 ಗ್ರಾಂ ಚೆರ್ರಿ ತೆಗೆದು ಸಿಪ್ಪೆ ಬಿಡಿಸಿದಾಗ 130 ಗ್ರಾಂ ಬೇಳೆ ಬಂತು ಅಂದುಕೊಳ್ಳಿ. 130 ÷ 250 × 50 = 26. ಓಟಿ 26. ಉದಾಹರಣೆಗೆ ಓಟಿಗೆ 200 ರೂಪಾಯಿ ಎಂದಿಟ್ಟುಕೊಂಡರೆ ಚೀಲಕ್ಕೆ 5,200. ಈಗ ತಕ್ಕಡಿಯಲ್ಲಿ ಒಂದೇ ಒಂದು ಗ್ರಾಂ ತಪ್ಪಿ 129 ಎಂದು ಬರೆದಿರಿ. ಓಟಿ 25.8, ಚೀಲಕ್ಕೆ 5,160. ನಲವತ್ತು ರೂಪಾಯಿ ತಾನೇ ಅನ್ನಿಸಬಹುದು. ನೂರು ಚೀಲದ ಲೋಡಿಗೆ ನಾಲ್ಕು ಸಾವಿರ, ಅದೂ ಯಾರದೋ ವರ್ಷದ ಬೆಳೆ. ಸ್ಯಾಂಪಲ್ ತೆಗೆಯುವಾಗ ಒಂದೇ ಚೀಲದ ಮೇಲಿನ ಹಿಡಿ ತೆಗೆಯದೆ ಹಲವು ಚೀಲಗಳ ಮೇಲೆ, ನಡುವೆ, ತಳದಿಂದ ಬೊಂಬಿನಲ್ಲಿ ಚುಚ್ಚಿ ತೆಗೆದು ಬೆರೆಸಬೇಕು ಎಂಬುದೂ ಇದೇ ಕಾರಣಕ್ಕೆ.

ತೇವಾಂಶದ ಲೆಕ್ಕದಲ್ಲಿ ಓದಿದವರೂ ಜಾರುತ್ತಾರೆ. ಶೇ. 14 ತೇವ ಇರುವ 50 ಕೆ.ಜಿ. ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ, ತಿರುಳು ತೆಗೆದ ಕಾಫಿ) ಕಣದಲ್ಲಿ ಒಣಗಿ ಶೇ. 10ಕ್ಕೆ ಇಳಿದರೆ ತೂಕ ಎಷ್ಟು? ನಾಲ್ಕು ಪರ್ಸೆಂಟ್ ಹೋಯಿತು, 48 ಕೆ.ಜಿ. ಅನ್ನುವುದು ಬಾಯಿಗೆ ಬರುವ ಉತ್ತರ. ಅದು ತಪ್ಪು. ಒಣಗಿದಾಗ ಹೋಗುವುದು ನೀರು ಮಾತ್ರ, ಒಣ ಭಾಗ ಹಾಗೇ ಉಳಿಯುತ್ತದೆ. ಒಣ ಭಾಗ 50 × 0.86 = 43 ಕೆ.ಜಿ. ಈಗ ಈ 43 ಕೆ.ಜಿ. ಎಂಬುದು ಹೊಸ ತೂಕದ ಶೇ. 90. 43 ÷ 0.90 = 47.78 ಕೆ.ಜಿ. ಬದಲಾಗದೆ ಉಳಿಯುವುದು ಯಾವುದು ಎಂದು ಮೊದಲು ಹುಡುಕಿ, ಅಲ್ಲಿಂದ ಲೆಕ್ಕ ಕಟ್ಟಿ.

ತೋಟಕ್ಕೆ ಸಿಂಪಡಿಸುವ ರೋಗದ ಔಷಧಿ ಬೋರ್ಡೋ ದ್ರಾವಣ ಇನ್ನೊಂದು ಪಾಠ. ಶೇ. 1ರ ದ್ರಾವಣಕ್ಕೆ 100 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ. ಕಾಫಿಗೆ ಶೇ. 0.5 ಎಂದರೆ 200 ಲೀಟರ್ ಡ್ರಮ್ಮಿಗೆ ಒಂದೊಂದು ಕೆ.ಜಿ. 'ಅರ್ಧ ಪರ್ಸೆಂಟ್' ಎಂದು ಕೇಳಿಸಿಕೊಂಡು ಡ್ರಮ್ಮಿಗೆ ಅರ್ಧ ಕೆ.ಜಿ. ಹಾಕಿದರೆ ಕಾಲು ಪರ್ಸೆಂಟ್ ಆಗುತ್ತದೆ, ಸಿಂಪಡಿಸಿಯೂ ಎಲೆ ತುಕ್ಕು ನಿಲ್ಲುವುದಿಲ್ಲ. ಎರಡನ್ನೂ ಬೇರೆ ಬೇರೆ ಕರಗಿಸಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯುತ್ತ ಕಲಕಬೇಕು. ಪ್ಲಾಸ್ಟಿಕ್ ಪಾತ್ರೆಯೇ ಆಗಬೇಕು. ತಿಕ್ಕಿ ಹೊಳಪು ಮಾಡಿದ ಕಬ್ಬಿಣದ ಚಾಕು ಅದ್ದಿ ನೋಡಿ. ಚಾಕುವಿನ ಮೇಲೆ ಕೆಂಪಗೆ ತಾಮ್ರ ಕೂತರೆ ಸುಣ್ಣ ಸಾಲದು, ಇನ್ನಷ್ಟು ಸುಣ್ಣದ ನೀರು ಸೇರಿಸಬೇಕು. ಹಾಗೇ ಹೊಡೆದರೆ ಎಲೆ ಸುಡುತ್ತದೆ. ಕಲಸಿದ್ದನ್ನು ಅಂದೇ ಮುಗಿಸಿ.

ಗಾರ್ಮೆಂಟ್ಸ್ ಲೈನಿಗೆ ಹೋಗುವವರು ಒಂದು ಸೂತ್ರ ಕಲಿತರೆ ಸಾಕು. ಒಂದು ಪೀಸಿಗೆ ಕೊಟ್ಟ ನಿಮಿಷವನ್ನು ಪೀಸಿನ ಸಂಖ್ಯೆಯಿಂದ ಗುಣಿಸಿ, ಕೂತ ನಿಮಿಷದಿಂದ ಭಾಗಿಸಿದರೆ ಎಫಿಶಿಯೆನ್ಸಿ. ಪೀಸಿಗೆ 0.6 ನಿಮಿಷ, 480 ನಿಮಿಷದಲ್ಲಿ 600 ಪೀಸ್: 360 ÷ 480 = ಶೇ. 75. ಇಲ್ಲಿ 0.6 ನಿಮಿಷ ಎಂದರೆ 36 ಸೆಕೆಂಡ್, 60 ಸೆಕೆಂಡ್ ಅಲ್ಲ. ಹಾಗೆಯೇ 7.5 ಗಂಟೆ ಎಂದರೆ ಏಳೂವರೆ, 7 ಗಂಟೆ 50 ನಿಮಿಷ ಅಲ್ಲ. ಹಾಜರಿ ಪುಸ್ತಕಗಳಲ್ಲಿ ಈ ದಶಮಾಂಶದ ತಪ್ಪು ಬಹಳ.

ಕ್ಯಾಲ್ಕ್ಯುಲೇಟರ್ ಬಳಸಿ, ತೊಂದರೆ ಇಲ್ಲ. ಆದರೆ ಒತ್ತುವ ಮೊದಲು ಉತ್ತರ ಸುಮಾರು ಎಷ್ಟಿರಬಹುದು ಎಂದು ಮನಸ್ಸಿನಲ್ಲಿ ಅಂದಾಜು ಮಾಡಿ. 850ರಲ್ಲಿ 34 ಅಂದರೆ ನೂರಕ್ಕೆ ಹತ್ತಕ್ಕಿಂತ ಕಡಿಮೆ ಇರಲೇಬೇಕು. ತೆರೆಯ ಮೇಲೆ 40 ಬಂದರೆ ಬೆರಳು ಎಲ್ಲೋ ಜಾರಿದೆ.

ಬರಹ: ರಿಜಿಸ್ಟರ್, ಮೆಸೇಜ್, ಪಾಳಿ ಒಪ್ಪಿಸುವುದು

ತಾರೀಖನ್ನು ದಿನ, ತಿಂಗಳು, ವರ್ಷ ಎಂಬ ಕ್ರಮದಲ್ಲಿ, ಸಮಯವನ್ನು 24 ಗಂಟೆಯ ಲೆಕ್ಕದಲ್ಲಿ ಬರೆಯಿರಿ. ತಪ್ಪಾದರೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದು ಬರೆದು, ಚಿಕ್ಕ ಸಹಿ ಹಾಕಿ. ವೈಟ್ನರ್ ಬೇಡ, ತಿದ್ದಿ ಗಾಢ ಮಾಡುವುದೂ ಬೇಡ. ಆಡಿಟ್‌ನಲ್ಲಿ ತಿದ್ದಿದ ಅಂಕಿಯನ್ನು ಯಾರೂ ನಂಬುವುದಿಲ್ಲ.

ಗಂಟೆಗೊಮ್ಮೆ ಬರೆಯಬೇಕಾದ ರೀಡಿಂಗನ್ನು ಪಾಳಿ ಮುಗಿಯುವಾಗ ಒಟ್ಟಿಗೆ ತುಂಬುವುದು ದೊಡ್ಡ ರೋಗ. ಹಾಲಿನ ಶೀತಲೀಕರಣ ಘಟಕದಲ್ಲಿ ಹಾಲನ್ನು 4 ಡಿಗ್ರಿ ಆಸುಪಾಸಿನಲ್ಲಿ ಇಡಬೇಕು, ಹೋಟೆಲಿನ ಫ್ರೀಜರ್ ಮೈನಸ್ 18ರಲ್ಲಿರಬೇಕು. ಎಂಟು ಗಂಟೆಗೂ ಒಂದೇ ಅಂಕಿ, ಒಂದೇ ಪೆನ್ನು, ಒಂದೇ ಓರೆಯ ಅಕ್ಷರ ಕಂಡರೆ ಅನುಭವಿಗಳಿಗೆ ತಕ್ಷಣ ಗೊತ್ತಾಗುತ್ತದೆ. ಮರೆತರೆ ಆ ಗಂಟೆಯ ಚೌಕದಲ್ಲಿ ಅಂಕಿ ತುಂಬದೆ 'ನೋಡಿಲ್ಲ' ಎಂದು ಬರೆಯಿರಿ. ಬೈಗುಳ ಒಂದು ದಿನದ್ದು. ಸುಳ್ಳು ಅಂಕಿ ನಂಬಿ ಹಾಲು ಒಡೆದರೆ ಅದನ್ನು ಸುರಿದ ನೂರಾರು ಮನೆಗಳಿಗೆ ಪೆಟ್ಟು.

ಮೆಸೇಜ್ ಹೇಗಿರಬೇಕು ಎಂಬುದಕ್ಕೆ ಎರಡನ್ನು ಪಕ್ಕಪಕ್ಕ ಇಟ್ಟು ನೋಡಿ.

"ಸಾರ್ ಮಿಷನ್ ಹೋಗಿದೆ ಬೇಗ ಬನ್ನಿ."

"ಸಾರ್, 3ನೇ ಲೈನ್, 14ನೇ ಮಿಷನ್. 10:20ರಿಂದ ನಿಂತಿದೆ. ದಾರ ಪದೇ ಪದೇ ತುಂಡಾಗ್ತಿತ್ತು, ಸೂಜಿ ಬದಲಾಯಿಸಿ ನೋಡಿದೆ, ಸರಿ ಹೋಗಲಿಲ್ಲ. ಸ್ವಿಚ್ ಆಫ್ ಮಾಡಿದೀನಿ. ಮೆಕ್ಯಾನಿಕ್ ಬೇಕು. 22 ಪೀಸ್ ಬಾಕಿ ಇದೆ."

ಎರಡನೆಯದನ್ನು ಓದಿದವರು ಫೋನ್ ಮಾಡಿ ಏನೂ ಕೇಳಬೇಕಿಲ್ಲ. ಎಲ್ಲಿ, ಏನು, ಯಾವಾಗಿನಿಂದ, ಏನು ಮಾಡಿ ನೋಡಿದಿರಿ, ಈಗ ಏನು ಬೇಕು, ಎಲ್ಲವೂ ಅದರಲ್ಲೇ ಇದೆ. ಪಾಳಿ ಒಪ್ಪಿಸುವಾಗಲೂ ಹೀಗೆಯೇ: ಏನು ಓಡುತ್ತಿದೆ, ಏನು ನಿಂತಿದೆ ಮತ್ತು ಯಾಕೆ, ಬಂದವರು ಮೊದಲು ಮಾಡಬೇಕಾದದ್ದೇನು. ಬಾಯಲ್ಲಿ ಹೇಳಿದ್ದನ್ನು ಪುಸ್ತಕದಲ್ಲೂ ಬರೆಯಿರಿ. ಬೆಳಗಿನ ಜಾವ ನಿದ್ದೆಗಣ್ಣಲ್ಲಿ ಕೇಳಿಸಿಕೊಂಡದ್ದು ನೆನಪಿರುವುದಿಲ್ಲ.

ಆಫೀಸ್ ಕೆಲಸದವರಿಗೆ ಒಂದು ಮಾತು. 'ನುಡಿ' ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಅಕ್ಷರಶೈಲಿಯಲ್ಲಿ ಟೈಪ್ ಮಾಡಿದ್ದನ್ನು ವಾಟ್ಸಾಪ್‌ಗೋ ಮೇಲ್‌ಗೋ ಅಂಟಿಸಿದರೆ ಅರ್ಥವಿಲ್ಲದ ಗೀಟುಗಳು ಬರುತ್ತವೆ. ಯೂನಿಕೋಡ್ ಆಯ್ಕೆ ಮಾಡಿ ಟೈಪ್ ಮಾಡಿ. ಎಕ್ಸೆಲ್‌ನಲ್ಲಿ ಮೊತ್ತ ಸೊನ್ನೆ ಬಂದರೆ ಅಂಕಿಗಳು ಅಕ್ಷರವಾಗಿ ಕೂತಿವೆ ಎಂದರ್ಥ. ಕೋಣೆಯ ಎಡಬದಿಗೆ ಅಂಟಿಕೊಂಡ ಅಂಕಿಯೇ ಅದರ ಗುರುತು. 'ಕೆ.ಜಿ.' ಎಂದು ಅಂಕಿಯ ಜೊತೆಗೇ ಬರೆದಿದ್ದರೂ ಹೀಗಾಗುತ್ತದೆ, ಅದನ್ನು ಮೇಲಿನ ಶೀರ್ಷಿಕೆಯಲ್ಲಿ ಬರೆಯಬೇಕು.

ಮಾತು

"ಅರ್ಥ ಆಯ್ತು ಸಾರ್" ಎಂದು ಅರ್ಥವಾಗದೇ ಹೇಳುವುದು ಹೊಸಬರ ಅತಿ ದುಬಾರಿ ತಪ್ಪು. ಅದರ ಬದಲು ಕೇಳಿದ್ದನ್ನು ವಾಪಸ್ ಹೇಳಿ: "ಸಾರ್, 40 ಬಾಕ್ಸ್ ಮೊದಲು ಬೇಲೂರು ಲೋಡಿಗೆ, ಉಳಿದಿದ್ದು ನಾಳೆಗೆ, ಅಲ್ವಾ?" ತಪ್ಪಿದ್ದರೆ ಅಲ್ಲೇ ತಿದ್ದುತ್ತಾರೆ. ಎರಡನೇ ಸಲ ಕೇಳುವುದರಿಂದ ಮರ್ಯಾದೆ ಹೋಗುವುದಿಲ್ಲ. ತಪ್ಪು ಲೋಡ್ ಸಕಲೇಶಪುರ ದಾಟಿದ ಮೇಲೆ ಹೋಗುತ್ತದೆ.

ಕೆಟ್ಟ ಸುದ್ದಿಯನ್ನು ಹತ್ತು ನಿಮಿಷದೊಳಗೆ ಹೇಳಿ. ತಡವಾದಷ್ಟೂ ಅದು ದೊಡ್ಡದಾಗುತ್ತದೆ. ಹಿರಿಯ ಆಪರೇಟರನ್ನು ಅಣ್ಣ, ಅಕ್ಕ ಅನ್ನುವುದು ನಮ್ಮ ಕಡೆಯ ರೂಢಿ, ಚೆನ್ನಾಗಿಯೇ ಇದೆ. ಆದರೆ ಸುರಕ್ಷತೆಯ ವಿಷಯದಲ್ಲಿ ಆ ಗೌರವ ಬಾಯಿ ಕಟ್ಟಬಾರದು. "ಅಣ್ಣ, ಗಾರ್ಡ್ ಹಾಕಿಲ್ಲ, ಒಂದ್ ನಿಮಿಷ" ಎಂದು ಹೇಳಲೇಬೇಕು. ತೋಟದಲ್ಲಿ ಅಸ್ಸಾಮಿನಿಂದ ಬಂದವರು, ಲೈನಿನಲ್ಲಿ ಹಿಂದಿ ಮಾತಾಡುವವರು ಜೊತೆಗಿರುತ್ತಾರೆ. ನಿಲ್ಲಿಸು, ಎತ್ತು, ಜಾಗ್ರತೆ, ಬಿಸಿ, ಕರೆಂಟ್ ಎಂಬ ಹತ್ತಿಪ್ಪತ್ತು ಮಾತು ಅವರ ಭಾಷೆಯಲ್ಲಿ ಕಲಿಯುವುದು ನಿಮ್ಮ ಕೈಕಾಲಿಗೂ ಒಳ್ಳೆಯದು.

ಸಂದರ್ಶನದಲ್ಲಿ "ನಿಮ್ಮ ಬಗ್ಗೆ ಹೇಳಿ" ಎಂದರೆ ಬಾಯಿಪಾಠ ಮಾಡಿದ ಇಂಗ್ಲಿಷ್ ಪ್ಯಾರಾ ಬೇಡ. ಊರು, ಓದು, ಕೈಯಾರೆ ಮಾಡಿದ ಎರಡು ಕೆಲಸ, ಯಾವ ಪಾಳಿಗೆ ಬರಬಲ್ಲೆ. ಒಂದು ನಿಮಿಷ ಸಾಕು. 'ಮನೆಯ ಮೋಟಾರ್ ಸ್ಟಾರ್ಟರ್ ಬಿಚ್ಚಿ ಕಾಂಟ್ಯಾಕ್ಟ್ ಬದಲಿಸಿದ್ದೇನೆ' ಎಂಬ ಒಂದು ನಿಜವಾದ ವಾಕ್ಯ ಹತ್ತು ವಿಶೇಷಣಕ್ಕಿಂತ ತೂಕದ್ದು.

ಕಾಗದಪತ್ರ: ಇನಿಷಿಯಲ್ ಎಂಬ ಮುಳ್ಳು

ಕೆಲಸ ಸಿಕ್ಕರೂ ಸಂಬಳ, ಪಿಎಫ್ (ಭವಿಷ್ಯ ನಿಧಿ) ಸಿಕ್ಕಿಹಾಕಿಕೊಳ್ಳುವುದು ಹೆಸರಿನಲ್ಲಿ. ಮಾರ್ಕ್ಸ್ ಕಾರ್ಡಿನಲ್ಲಿ 'ಮಂಜುಳಾ ಬಿ.ಎಸ್.', ಆಧಾರ್‌ನಲ್ಲಿ ದೀರ್ಘವಿಲ್ಲದ 'ಮಂಜುಳ', ಪ್ಯಾನ್‌ನಲ್ಲಿ ಇನಿಷಿಯಲ್ ಬಿಡಿಸಿ ಊರು ಮತ್ತು ತಂದೆಯ ಹೆಸರು. ಕಂಪ್ಯೂಟರಿಗೆ ಇವರು ಮೂವರು ಬೇರೆ ಬೇರೆ ಮಂಜುಳಾಗಳು. ಪಿಎಫ್‌ನ ಯುಎಎನ್ (ಕೆಲಸ ಬದಲಿಸಿದರೂ ಬದಲಾಗದ ಪಿಎಫ್ ಸಂಖ್ಯೆ) ಆಧಾರ್ ಹೆಸರನ್ನೇ ಹಿಡಿಯುತ್ತದೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ ತಿದ್ದಿಸುವುದು ಎಲ್ಲಕ್ಕಿಂತ ಕಷ್ಟ. ಆದ್ದರಿಂದ ಅದನ್ನು ಮೂಲವಾಗಿಟ್ಟುಕೊಂಡು ಆಧಾರ್ ಅನ್ನು ಅದಕ್ಕೆ ಹೊಂದಿಸಿ, ಆಮೇಲೆ ಪ್ಯಾನ್, ಕೊನೆಗೆ ಬ್ಯಾಂಕ್. ಆಧಾರ್‌ನಲ್ಲಿ ಹೆಸರು ಬದಲಿಸಲು ಜೀವಮಾನದಲ್ಲಿ ಎರಡೇ ಅವಕಾಶ, ಹುಟ್ಟಿದ ದಿನಾಂಕಕ್ಕೆ ಒಂದೇ. ಸೈಬರ್ ಸೆಂಟರಿನವರು ಟೈಪ್ ಮಾಡಿದ್ದನ್ನು ಅಕ್ಷರ ಅಕ್ಷರ ಓದದೆ ಒಪ್ಪಬೇಡಿ.

ಕೊಡುವ ಸಂಖ್ಯೆಗಳನ್ನು ಎಣಿಸಿ ನೋಡಿ. ಆಧಾರ್ 12 ಅಂಕಿ. ಯುಎಎನ್ ಕೂಡ 12. ಪ್ಯಾನ್ 10: ಐದು ಅಕ್ಷರ, ನಾಲ್ಕು ಅಂಕಿ, ಒಂದು ಅಕ್ಷರ. ಐಎಫ್‌ಎಸ್‌ಸಿ, ಅಂದರೆ ಬ್ಯಾಂಕ್ ಶಾಖೆಯ ಕೋಡ್, 11: ಮೊದಲ ನಾಲ್ಕು ಅಕ್ಷರ, ಐದನೆಯದು ಯಾವಾಗಲೂ ಸೊನ್ನೆ. ಅಲ್ಲಿ 'ಓ' ಅಕ್ಷರ ಬರೆದು ಸಂಬಳ ವಾಪಸ್ ಹೋದ ಪ್ರಕರಣಗಳು ಕಡಿಮೆಯಿಲ್ಲ.

ಒರಿಜಿನಲ್ ಅಂಕಪಟ್ಟಿಯನ್ನು ತೋರಿಸಿ ವಾಪಸ್ ತನ್ನಿ, ಇಟ್ಟುಕೊಳ್ಳಲು ಜೆರಾಕ್ಸ್ ಕೊಡಿ. ಕೆಲಸ ಕೊಡಿಸಲು ಡೆಪಾಸಿಟ್ ಕೇಳುವವರಿಂದ ದೂರವಿರಿ.

ಸಂಬಳದ ಚೀಟಿ ಓದುವುದು

ಪೋಸ್ಟರಿನಲ್ಲಿ ಬರೆದ ಸಂಬಳಕ್ಕೂ ಕೈಗೆ ಬರುವುದಕ್ಕೂ ನಡುವೆ ಅಂತರ ಕಂಡು ಮೊದಲ ತಿಂಗಳೇ ಕೆಲಸ ಬಿಡುವವರಿದ್ದಾರೆ. ಬಿಡುವ ಮುಂಚೆ ಲೆಕ್ಕ ಬಿಡಿಸಿ ನೋಡಿ. ಮೂಲ ವೇತನ ಮತ್ತು ಡಿಎ (ತುಟ್ಟಿಭತ್ಯೆ) ಸೇರಿ 12,000, ಬೇರೆ ಭತ್ಯೆ 3,500, ಒಟ್ಟು 15,500 ಎಂದಿಟ್ಟುಕೊಳ್ಳಿ.

ಪಿಎಫ್ 12,000ದ ಶೇ. 12, ಅಂದರೆ 1,440. ಇಎಸ್ಐ (ನೌಕರರ ಆರೋಗ್ಯ ವಿಮೆ) ಒಟ್ಟು ಸಂಬಳದ ಶೇ. 0.75: 116.25, ಅದನ್ನು ಮುಂದಿನ ರೂಪಾಯಿಗೆ ಏರಿಸಿ 117. ತಿಂಗಳಿಗೆ 25,000ಕ್ಕಿಂತ ಕಡಿಮೆ ಇದ್ದರೆ ಕರ್ನಾಟಕದಲ್ಲಿ ವೃತ್ತಿ ತೆರಿಗೆ ಇಲ್ಲ. ಕೈಗೆ 13,943. ಇದೇ ಕೆಲಸವನ್ನು 'ಸಿಟಿಸಿ 17,444' (ಕಂಪನಿಗೆ ತಗಲುವ ಒಟ್ಟು ಖರ್ಚು) ಎಂದು ಬರೆದಿರಬಹುದು, ಯಾಕೆಂದರೆ ಮಾಲೀಕರ ಪಾಲಿನ ಪಿಎಫ್ 1,440 ಮತ್ತು ಇಎಸ್ಐ ಶೇ. 3.25, ಅಂದರೆ 504, ಅದರಲ್ಲಿ ಸೇರಿದೆ. ಎರಡೂ ಅಂಕಿ ಸುಳ್ಳಲ್ಲ, ನೀವು ಕೇಳಬೇಕಾದ ಪ್ರಶ್ನೆ "ಕೈಗೆ ಎಷ್ಟು ಬರುತ್ತೆ?" ಎಂಬುದು.

ಕಡಿತವಾದ ಹಣ ಹಾಳಾಗಿಲ್ಲ. ಪಿಎಫ್ ನಿಮ್ಮದೇ ಖಾತೆಯಲ್ಲಿದೆ. ಮಾಲೀಕರ ಪಾಲಿನಲ್ಲಿ ಸುಮಾರು 1,000 ಪಿಂಚಣಿಗೆ ಹೋಗುತ್ತದೆ, ಪಿಂಚಣಿಗೆ 10 ವರ್ಷದ ಸೇವೆ ಬೇಕು. ಅದಕ್ಕೇ ಕೆಲಸ ಬದಲಿಸಿದಾಗ ಹಣ ತೆಗೆಯದೆ ಹಳೆಯ ಯುಎಎನ್ ಅನ್ನೇ ಹೊಸ ಕಡೆ ಕೊಡಿ. ಇಎಸ್ಐ 21,000 ವರೆಗಿನ ಸಂಬಳದವರಿಗೆ. ಆರು ತಿಂಗಳ ಅವಧಿಯಲ್ಲಿ 78 ದಿನದ ವಂತಿಗೆ ಕಟ್ಟಿದ್ದರೆ ಕಾಯಿಲೆಯ ರಜೆಗೆ ಸಂಬಳದ ಶೇ. 70ರಷ್ಟು ವರ್ಷಕ್ಕೆ 91 ದಿನದವರೆಗೆ ಸಿಗುತ್ತದೆ. ಚೀಟಿಯಲ್ಲಿ ಪಿಎಫ್ ಕಡಿತ ಕಾಣುತ್ತಿದ್ದು ಪಾಸ್‌ಬುಕ್‌ನಲ್ಲಿ ಎರಡು ತಿಂಗಳಾದರೂ ಜಮೆಯಾಗದಿದ್ದರೆ ಎಚ್‌ಆರ್‌ಗೆ ಬರೆದು ಕೇಳಿ.

ಓಟಿ ಎಂದರೆ ಇಲ್ಲಿ ಓವರ್‌ಟೈಮ್. ದರ ಎರಡರಷ್ಟು. 15,500 ÷ 26 ದಿನ ÷ 8 ಗಂಟೆ = ಸುಮಾರು 74.5, ಅದರ ಎರಡರಷ್ಟು 149. ವಾರಕ್ಕೆ 48 ಗಂಟೆ ದಾಟಿದ ಕೆಲಸ ಓವರ್‌ಟೈಮ್‌ಗೆ ಸೇರುತ್ತದೆ. ಗೈರುಹಾಜರಿಗೆ ಕೆಲವರು 26ರಿಂದ, ಕೆಲವರು 30ರಿಂದ ಭಾಗಿಸುತ್ತಾರೆ: ದಿನಕ್ಕೆ 596 ಇಲ್ಲವೇ 517. ಸೇರುವಾಗಲೇ ಕೇಳಿಕೊಳ್ಳಿ. ನೀವು ಎಷ್ಟು ಗಂಟೆ ಉಳಿದಿರಿ ಎಂಬುದನ್ನು ದಿನವೂ ನಿಮ್ಮದೇ ಚಿಕ್ಕ ಪುಸ್ತಕದಲ್ಲಿ ಬರೆದಿಡಿ. ತಿಂಗಳ ಕೊನೆಗೆ ಜಗಳಕ್ಕಿಂತ ಆ ಪುಸ್ತಕ ಹೆಚ್ಚು ಕೆಲಸ ಮಾಡುತ್ತದೆ.

ಮೊದಲ ವಾರ

ಸೇರುವ ಮುಂಚಿನ ಒಂದು ದಿನ ಅದೇ ಸಮಯದ ಬಸ್ಸಿನಲ್ಲಿ ಹೋಗಿ ಬನ್ನಿ. ಆಲೂರು, ಅರಕಲಗೂಡು, ಕೊಪ್ಪದಂಥ ಕಡೆಯಿಂದ ಬರುವವರು ಒಂದು ಬಸ್ ತಪ್ಪಿದರೆ ಮುಂದಿನದು ಎಷ್ಟು ಹೊತ್ತಿಗೆ ಎಂಬುದನ್ನೂ ತಿಳಿದಿರಬೇಕು. ಜೂನ್‌ನಿಂದ ಸೆಪ್ಟೆಂಬರ್ ಮಳೆಯಲ್ಲಿ ಮರ ಬಿದ್ದು ರಸ್ತೆ ಕಟ್ಟುವುದು ಮಲೆನಾಡಿನಲ್ಲಿ ಹೊಸದಲ್ಲ. ಪಾಳಿ ಶುರುವಾಗುವ ಮುಂಚೆಯೇ ತಿಳಿಸಿದರೆ ಅದು ತಡ, ಆಮೇಲೆ ತಿಳಿಸಿದರೆ ಅದು ನೆಪ. ಮೊದಲ ಸಂಬಳ ಬರುವಷ್ಟರಲ್ಲಿ ಮೂವತ್ತೈದು ನಲವತ್ತು ದಿನ ಆಗಬಹುದು, ಬಸ್ ಪಾಸ್ ಮತ್ತು ಊಟದ ಖರ್ಚಿಗೆ ಅಷ್ಟು ದಿನದ ದುಡ್ಡು ಎತ್ತಿಡಿ.

ತಿರುಗುವ ಮಿಷನ್ ಹತ್ತಿರ ವೇಲ್, ಉದ್ದ ತೋಳು, ಬಿಟ್ಟ ಜಡೆ, ಕೈಕಡಗ, ವಾಚು ಬೇಡ. ಡ್ರಿಲ್ಲಿಂಗ್ ಮಿಷನ್‌ನಲ್ಲಿ ಕೈಗವಸನ್ನೂ ಹಾಕಬಾರದು. ಬಿಟ್ಟಿಗೆ ಬಟ್ಟೆ ಸಿಕ್ಕಿದರೆ ಕೈಯನ್ನೇ ಎಳೆದುಕೊಳ್ಳುತ್ತದೆ. ಚೂರು ತೆಗೆಯಲು ಬ್ರಷ್, ಅದೂ ಮಿಷನ್ ಪೂರ್ತಿ ನಿಂತ ಮೇಲೆ. ರಾತ್ರಿ ಪಾಳಿಗೆ ಹೆಣ್ಣುಮಕ್ಕಳ ಒಪ್ಪಿಗೆ ಬೇಕು, ವಾಹನದ ವ್ಯವಸ್ಥೆಯನ್ನು ಕೇಳಿ ತಿಳಿದುಕೊಂಡೇ ಸಹಿ ಹಾಕಿ.

ಆರು ವಾರದ ಅಭ್ಯಾಸ

ದಿನಕ್ಕೆ ನಲವತ್ತು ನಿಮಿಷ. ಮೊದಲ ಎರಡು ವಾರ ಅಳತೆ: ಮನೆಯ ಬಾಗಿಲು, ಕಿಟಕಿ, ಮೇಜನ್ನು ಇಂಚಿನಲ್ಲಿ ಅಳೆದು ಮಿ.ಮೀ.ಗೆ ತಿರುಗಿಸಿ, ಮತ್ತೆ ಮಿ.ಮೀ.ನಲ್ಲಿ ಅಳೆದು ತಾಳೆ ನೋಡಿ. ಎರಡು ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಬಂದರೆ ಮತ್ತೊಮ್ಮೆ. ಮೂರು, ನಾಲ್ಕನೇ ವಾರ ಶೇಕಡಾ: ಡೇರಿಯ ಚೀಟಿ, ಕರೆಂಟ್ ಬಿಲ್ಲು, ಅಂಗಡಿಯ ರಿಯಾಯಿತಿ, ಅಡಿಕೆ ಒಣಗಿದ ತೂಕ, ಸಿಕ್ಕಿದ್ದರಲ್ಲೆಲ್ಲ. ಐದನೇ ವಾರ ದಿನಕ್ಕೊಂದು ಮೆಸೇಜ್, ದಿನಕ್ಕೊಂದು ಪತ್ರ ಕೈಯಲ್ಲಿ ಬರೆದು, ಮನೆಯಲ್ಲಿ ಇನ್ನೊಬ್ಬರಿಗೆ ಓದಲು ಕೊಟ್ಟು, ಅವರು ಏನು ಪ್ರಶ್ನೆ ಕೇಳುತ್ತಾರೆ ನೋಡಿ. ಅವರು ಕೇಳಿದ್ದೇ ನೀವು ಬಿಟ್ಟದ್ದು. ಆರನೇ ವಾರ ಕಾಗದಪತ್ರ ಮತ್ತು ಒಂದು ನಿಮಿಷದ ಪರಿಚಯ. ಆಧಾರ್ ತಿದ್ದುಪಡಿ ಬೇಕಿದ್ದರೆ ಅದನ್ನು ಮಾತ್ರ ಮೊದಲ ವಾರವೇ ಶುರು ಮಾಡಿ.

ಉತ್ತರಗಳು

1. 11.5 − 3 = 8.5 ಸೆಂ.ಮೀ.
2. 22:00ರಿಂದ 06:30 ಎಂದರೆ ಎಂಟೂವರೆ ಗಂಟೆ, ಬಿಡುವು ಕಳೆದು 8 ಗಂಟೆ.
3. 34 ÷ 850 × 100 = ಶೇ. 4.
4. 40 ಮಿ.ಲೀ.
5. ಕ್ರೇಟ್‌ಗಳು 12 × 1.85 = 22.2, ತರಕಾರಿ 289.8 ಕೆ.ಜಿ. ಒಂದೇ ಕ್ರೇಟ್ ಕಳೆದು 310.15 ಬರೆದಿದ್ದರೆ ಅಳತೆಯ ಭಾಗವನ್ನು ಮತ್ತೆ ಓದಿ.
6. ಪತ್ರ ಹೀಗಿದ್ದರೆ ಸಾಕು:

"ಇವರಿಗೆ, ಮೇಲ್ವಿಚಾರಕರು, ಪ್ಯಾಕಿಂಗ್ ವಿಭಾಗ. ಮಾನ್ಯರೇ, ನನ್ನ ಅಕ್ಕನ ಮದುವೆ ಇರುವುದರಿಂದ ಈ ತಿಂಗಳ 12ರಿಂದ 14ರವರೆಗೆ ಒಟ್ಟು 3 ದಿನ ರಜೆ ಬೇಕಾಗಿದೆ. 15ರಂದು ಬೆಳಗಿನ ಪಾಳಿಗೆ ಹಾಜರಾಗುತ್ತೇನೆ. ನನ್ನ ಕೆಲಸವನ್ನು ಬಿ ಪಾಳಿಯ ಸಹೋದ್ಯೋಗಿಯೊಬ್ಬರು ನೋಡಿಕೊಳ್ಳಲು ಒಪ್ಪಿದ್ದಾರೆ. ದಯವಿಟ್ಟು ಮಂಜೂರು ಮಾಡಬೇಕಾಗಿ ಕೋರುತ್ತೇನೆ." ಕೆಳಗೆ ಹೆಸರು, ಟೋಕನ್ ನಂಬರ್, ತಾರೀಖು, ಸಹಿ.

12ರಿಂದ 14ಕ್ಕೆ ಎರಡೇ ದಿನ ಎಂದು ಬರೆದಿದ್ದರೆ ಬೆರಳು ಮಡಿಚಿ ಎಣಿಸಿ: ಹನ್ನೆರಡು, ಹದಿಮೂರು, ಹದಿನಾಲ್ಕು. ಎರಡು ಎಂದು ಬರೆದುಕೊಟ್ಟರೆ ಮೂರನೇ ದಿನಕ್ಕೆ ಗೈರುಹಾಜರಿ ಬಿದ್ದು ಆ ದಿನದ ಸಂಬಳ ಕಡಿತವಾಗುತ್ತದೆ.